ಚಾಪೆ ಲೆಕ್ಕ

ಚಾಪೆ ಎಣಿಸುವ ಕೆಲಸ ಈ ಸಲವೂ ನನಗೇ ಬಿತ್ತು.
ನಡುವಿನ ಸೊಸೆ ನಾನು; ಒಲೆ ದೊಡ್ಡವಳದು,
ಪೂಜೆ ಕಿರಿಯವಳದು, ಉಳಿದದ್ದೆಲ್ಲ ನನ್ನದು.

ಸಂಜೆ ಹಿರಿಯರಿಗೆ ಎಡೆ ಇಟ್ಟು,
ಹೊಸ ಪಂಚೆ ಸೀರೆಗೆ ಧೂಪ ಹಾಕಿ,
ಬಾಗಿಲು ಎಳೆದುಕೊಂಡು ಹೊರಗೆ ನಿಂತಿದ್ದೆವು,
ಸತ್ತವರು ನಾಚದೆ ಉಣ್ಣಲಿ ಅಂತ.
ಐದು ನಿಮಿಷ. ಆಮೇಲೆ
ಬದುಕಿರುವವರಿಗೆ ನಾಚಿಕೆ ಎಲ್ಲಿಂದ?
ಮುದ್ದೆ ತಿರುವಿ ತಿರುವಿ ರಟ್ಟೆ ಬಿತ್ತು,
ತಲೆಮಾಂಸದ ಸಾರು ತಳ ಕಂಡಿತು,
ಕಜ್ಜಾಯದ ಡಬ್ಬ ಮಕ್ಕಳ ಕೈಯಲ್ಲಿ ಊರು ಸುತ್ತಿ
ಖಾಲಿಯಾಗಿ ಮನೆಗೆ ಬಂತು.

ಈಗ ರಾತ್ರಿ. ಮಳವಳ್ಳಿಯಿಂದ ಒಂಬತ್ತು,
ಕಿರುಗಾವಲಿನಿಂದ ಐದು,
ಮೈಸೂರಿನಿಂದ ಒಂದು ಟೆಂಪೋ ತುಂಬ —
ಅದನ್ನು ಹದಿಮೂರು ಅಂತ ಬರೆದುಕೊಂಡೆ.
ಪಾಂಡವಪುರದ ಪುಟ್ಟಲಿಂಗತ್ತೆ ಒಬ್ಬಳೇ,
ಜಾಗ ಮಾತ್ರ ಎರಡು ಚಾಪೆಯಷ್ಟು.
ಊರಿನವರು ಮೂರು ಮನೆ ಸೇರಿ ಹತ್ತೊಂಬತ್ತು.
ಒಟ್ಟು ನಲವತ್ತೇಳು.

ಚಾಪೆ ಇಪ್ಪತ್ತೆರಡು, ಜಮಖಾನ ಮೂರು,
ಬಾಡಿಗೆ ಪಾತ್ರೆಗಳ ಜೊತೆ ಬಂದ ಹಸಿರು ಟಾರ್ಪಾಲು,
ಹತ್ತಿ ಒಂದೇ ಕಡೆ ಗುಡ್ಡೆಯಾದ ದಿಂಬು ಹದಿನಾಲ್ಕು.
'ದಿಂಬಿಲ್ದೋರು ಪಕ್ಕದೋರ ರಟ್ಟೆ ಮ್ಯಾಲೆ ತಲೆ ಮಡೀಕಳಿ'
ಅಂದಳು ಅತ್ತೆ ಚಿಕ್ಕತಾಯಮ್ಮ,
ಎಲೆ ಅಡಿಕೆ ಕುಟ್ಟುತ್ತ.

ತಾರಸಿಯ ಮೇಲೆ ಹಾಸಿದೆ, ತಲೆ ಮೂಡಲಿಗೆ.
ಗೊರಕೆಯವರು ಒಂದು ಸಾಲು: ಬೋರಲಿಂಗ ಮಾವ,
ಅವರ ಷಡ್ಡಕ, ಷಡ್ಡಕನ ಹದಿನಾರರ ಮಗ
(ಗಂಟಲು ಈಗಲೇ ಕುದುರಿದೆ).
ಒದೆಯುವ ಮಕ್ಕಳು ಗೋಡೆ ಕಡೆ.
ಹೊಸದಾಗಿ ಮದುವೆಯಾದ ಇಬ್ಬರ ನಡುವೆ
ಇಂಚರ, ಲಿಖಿತ, ಇನ್ನೆರಡು ಪುಟಾಣಿ ತೂರಿಕೊಂಡವು;
ಪಾಪ, ನಕ್ಷತ್ರ ಎಣಿಸಿದರು.
ಜಯಶೀಲಕ್ಕ ಈ ತುದಿ, ಸುನಂದಕ್ಕ ಆ ತುದಿ.
ಅಡವಿಟ್ಟು ಬಿಡಿಸದೆ ಹೋದ ಒಂದು ಜೊತೆ ಓಲೆ —
ಏಳು ವರ್ಷದಿಂದ ಇವರಿಬ್ಬರ ನಡುವೆ
ಇಡೀ ಕುಟುಂಬ ಮಲಗುತ್ತದೆ.

ನಾಲೆಗೆ ಬಿದ್ದ ಶಿವಮಾದು ಭಾವ
ಮೊದಲು ಸೈಕಲ್ಲನ್ನು ದಡಕ್ಕೆ ನೂಕಿದ ಕತೆ
ಕತ್ತಲಲ್ಲಿ ಮತ್ತೆ ಹೊರಟಿತು;
ಈ ಸಲ ಸೈಕಲ್ಲಿನ ಮೇಲೆ ಅರ್ಧ ಮೂಟೆ ಬೆಲ್ಲವೂ ಇತ್ತು.
ನಗು ಚಾಪೆಯಿಂದ ಚಾಪೆಗೆ ಹರಿದು
ತುದಿಯಲ್ಲಿ ಯಾರದೋ ಕೆಮ್ಮಾಗಿ ನಿಂತಿತು.

ಎರಡು ಗಂಟೆಗೆ ಒಂದು ಹನಿ. ನನ್ನ ಹಣೆಗೇ.
ಆಮೇಲೆ ಯಾರೂ ಎಣಿಸಲಿಲ್ಲ.
ಚಾಪೆ ಸುತ್ತಿದವರು, ಮಗು ಸುತ್ತಿದವರು,
ಬೇರೆಯವರ ಮಗು ಎತ್ತಿಕೊಂಡು ಓಡಿದವರು,
ನಡುಮನೆಯಲ್ಲಿ ರಾಗಿ ಮೂಟೆಗಳಂತೆ ಬಿದ್ದೆವು.
ಸಾಲಿನ ತುದಿಗಳೆರಡೂ ಮಡಚಿಕೊಂಡವು.
'ವಸಿ ಅತ್ಲಾಗೆ ಸರ್ಕೊ' — ಸುನಂದಕ್ಕ.
ಸರಿದ ಸದ್ದು. ಅಷ್ಟೆ.
ಯಾರ ಸೆರಗು ಯಾರ ಮೇಲಿತ್ತೋ ನಾನು ನೋಡಲಿಲ್ಲ,
ನೋಡಿದ್ದರೂ ಹೇಳುವವಳಲ್ಲ.

ಬೆಳಿಗ್ಗೆ ಕಾಫಿಗೆ ತಲೆ ಎಣಿಸಿದೆ: ನಲವತ್ತೆಂಟು.
ಮತ್ತೆ ಎಣಿಸಿದೆ. ನಲವತ್ತೆಂಟೇ.
ಮೂಲೆಯಲ್ಲಿ ಗೋಣಿ ಹೊದ್ದ ಒಬ್ಬ ಹುಡುಗ.
ಮಳವಳ್ಳಿಯವರು ಕಿರುಗಾವಲಿನವನು ಅಂದುಕೊಂಡಿದ್ದರಂತೆ,
ಕಿರುಗಾವಲಿನವರು ಮೈಸೂರಿನವನೆಂದು.
ಶಾಮಿಯಾನದ ಅಂಗಡಿಯ ಮಂಟೇಶ ಅವನು.
ಪಾತ್ರೆ ಇಳಿಸಲು ಬಂದ; ಉಣ್ಣು ಅಂದರು, ಉಂಡ;
ಒರಗು ಅಂದರು, ಒರಗಿದ.
ಅತ್ತೆ ರಾತ್ರಿಯೇ ಅವನ ಕೈಗೆ ನೂರರ ನೋಟಿಟ್ಟು
'ಚೆಂದಾಗಿ ಓದ್ಲಾ ತನುಷಾ' ಅಂದಿದ್ದಳಂತೆ.
ಅವನು ವಾಪಸು ಕೊಡಲು ಬಂದ.
ಅತ್ತೆ ಕಿವುಡಾದಳು.
ನನಗೆ ಮಾತ್ರ ಹೇಳಿದಳು: 'ಹಿರೀಕರ ಹಬ್ಬಕ್ಕೆ ಬಂದೋನ್ನ
ಯಾರು ಅಂತ ಕೇಳಬಾರ್ದು ಕನವ್ವ.
ಉಂಡ್ನಾ? ಅದ ಕೇಳು.'

ಕೊಪ್ಪರಿಗೆ ಹೇರಿಕೊಂಡು ಆಟೋ ಬಸರಾಳಿನ ರಸ್ತೆ ಹಿಡಿದ ಮೇಲೆ
ಗೊತ್ತಾಯಿತು, ಅವನು ಮೆಟ್ಟಿಹೋದದ್ದು ತನುಷನ ಚಪ್ಪಲಿ.
ಅವನವು ಜಗಲಿಯ ಕೆಳಗಿವೆ,
ಒಂದರ ಉಂಗುಷ್ಟಕ್ಕೆ ಪಿನ್ನು.

ಇರಲಿ ಅಂತ ಇಟ್ಟಿದ್ದೇನೆ.
ಲೆಕ್ಕದ ಚೀಟಿಯಲ್ಲಿ
ನಲವತ್ತೇಳನ್ನು ಹೊಡೆದು ಹಾಕಿದ್ದೇನೆ.