ಹೊಡದೆ

ನಮ್ಮ ಕಡೆ ಎಲ್ಲದಕ್ಕೂ ಒಂದೇ ಮಾತು.
ಹತ್ತಿಗೆ ಎಣ್ಣಿ ಹೊಡಿತಾರ,
ಸಂಜಿಗೆ ತಾವೂ ಎಣ್ಣಿ ಹೊಡಿತಾರ,
ಗಾಡಿ ಹೊಡಿತಾರ, ಹಾರ್ನ್ ಹೊಡಿತಾರ,
ಹತ್ತು ಗಂಟಿ ಹೊಡೀತು ಅಂತಾರ.
ಹಗಲೆಲ್ಲ ಸಿಂಧನೂರಿನ ಅಂಗಡ್ಯಾಗ
ಬೆಳಿಗೆ ಹೊಡಿಯೂ ಎಣ್ಣಿ ಮಾರಾಂವ ನಾ,
ಆ ರಾತ್ರಿ ಮೂರು ಸರ್ತಿ ಹೊಡದೆ.

ಒಂದೂವರೆ ಕ್ವಾರ್ಟರ್ ಹೊಡದೆ, ಜವಳಗೇರಾ ಡಾಬಾದಾಗ,
ಹಳೇ ಉದ್ರಿ ತೀರಿಸಿದ ಗಿರಾಕಿಗಳ ಜೋಡಿ.
ಬೊಲೆರೋ ಹೊಡದೆ, ಎಂಬತ್ತರಾಗ.
ಮೂರನೇದಕ್ಕ ಮಾತ್ರ ಎಲ್ಲಾರೂ
ಬ್ಯಾರೆ ಮಾತು ಹುಡುಕಿದ್ರು ನನಗಾಗಿ.

'ಆಗಿಬಿಟ್ಟೈತಿ ಬಿಡು' ಅಂದ ನಮ್ಮಣ್ಣ.
'ಅಡ್ಡ ಬಂದಾನ' ಅಂದ ಸೋದರಮಾವ.
ಮಾವ ಅಲ್ಲಿ ಇರಲೇ ಇಲ್ಲ.
ವಕೀಲರು ಕನ್ನಡಕ ಒರಸಕೋತ ಕೇಳಿದ್ರು:
'ಮೊಪೆಡ್ಡಿಗೆ ಹಿಂದಿನ ಲೈಟ್ ಇರಲಿಲ್ಲ, ಹೌದಲ್ಲ?'
ಅವ್ವ ನನ್ನ ಹಣಿ ಮುಟ್ಟಿ ಅತ್ತಳು, 'ಬರದಿತ್ತು.'
ಯಾರ ಹಣ್ಯಾಗ ಬರದಿತ್ತಬೇ?
ಬರದಾಂವ ಕುಡದಿದ್ನೇನು?

ಲೈಟ್ ಇತ್ತು.
ಕೆಂಪಗ, ಸಣ್ಣದು, ಅಳ್ಳಾಡಕೋತ ಹೊಂಟಿತ್ತು.
ನಾ ನೋಡಿದೆ.
ಬ್ರೇಕ್ ಎಲ್ಲೈತಿ ಅನ್ನೂದು
ಕಾಲಿಗೆ ನೆನಪಾಗಲಿಲ್ಲ, ಅಷ್ಟ.

ಆಮ್ಯಾಲೆ ರೋಡಿನ ತುಂಬ ಮೀನು.
ಹೆಡ್‌ಲೈಟಿನ ಬೆಳಕಿನ್ಯಾಗ ಬರ್ಫಿನ ಚೂರು, ರೋಹು, ಕಟ್ಲಾ,
ಒಂದೆರಡು ಇನ್ನೂ ಒದ್ದಾಡತಿದ್ವು.
ಅವುಗಳ ನಡುವ ಮೂರನೇ ಕ್ಯಾಂಪಿನ ನಿತಾಯ್ ಬೈರಾಗಿ,
ನಮ್ಮ ಓಣ್ಯಾಗ ಎಲ್ಲಾರಿಗೂ ಮೀನಿನ ನಿತ್ಯಾ.

ನಾ ಕೆಳಗ ಇಳದೆ.
ಓಡಿಹೋಗಲಿಲ್ಲಲ್ಲ ಅಂತ ಮಂದಿ ಈಗಲೂ ಹೊಗಳತಾರ.
ಇಳದು ಏನು ಮಾಡಿದೆ ಅಂತ ಯಾರೂ ಕೇಳಲಿಲ್ಲ.
ಸೀಟಿನ ಕೆಳಗ ಒಂದು ಬಾಟ್ಲಿ ನೀರಿತ್ತು.
ಬಾಯಿ ಮುಕ್ಕಳಿಸಿದೆ. ಮತ್ತ ಮುಕ್ಕಳಿಸಿದೆ.
ಬೆರಳು ಹಾಕಿ ನಾಲಿಗಿ ತಿಕ್ಕಿದೆ, ಮಾರಿ ತೊಳಕೊಂಡೆ.
ಪೊಲೀಸರು ಬರೂದರಾಗ ವಾಸನಿ ಹೋಗಬೇಕಲ್ಲ.
ಬಾಟ್ಲಿ ಖಾಲಿ ಆತು.
ಅಂವ ಏನೋ ಅಂತಿದ್ದ. ಬಗ್ಗಿ ಕಿವಿ ಕೊಟ್ಟೆ.
'ಜೋಲ್... ಜೋಲ್...'
ಜೋಳ ಅಂತ ತಿಳದೆ.
ಅನ್ನ ಮೀನು ಉಣ್ಣೂ ಈ ಮನಿಷ್ಯಾಗ
ಇಂಥಾ ಹೊತ್ತಿನ್ಯಾಗ ಜೋಳ ಯಾಕ ಬೇಕಾತು ಅಂತ
ನಗಿನೂ ಬಂತು, ಸುಳ್ಳು ಹೇಳೂದಿಲ್ಲ.
ಮಗ್ಗಲದಾಗ ಕಾಲುವಿ ತುಂಬಿ ಹರೀತಿತ್ತು.

ಆರನೇ ಪಾಳಿಗೆ, ಕೋರ್ಟಿನ ಬೇವಿನ ಗಿಡದ ಕೆಳಗ
ಅವನ ಹೆಂಡ್ತಿ ಶೆಫಾಲಿ ಬಂದು ಎದುರಿಗೆ ನಿಂತಳು.
ಚಪ್ಪಲಿ ತಗೀತಾಳ ಅಂದುಕೊಂಡೆ.
'ಏನರೆ ಅಂದ್ರೇನ್ರಿ ಅವರು?'
ನಮ್ಮಂಗ, ನಮ್ಮದಾ ಕನ್ನಡದಾಗ ಕೇಳಿದಳು.
ಅಣ್ಣ ತೋಳು ಜಗ್ಗಿದ.
'ಜೋಳ ಅಂದ' ಅಂದೆ.
ಆಕಿ ಬಾಳ ಹೊತ್ತು ನನ್ನ ಮಾರಿ ನೋಡಿದಳು.
'ಜೋಲ್' ಅಂದಳು. 'ನೀರು.'
ಆಮ್ಯಾಲೆ,
'ಕೊಟ್ರೇನು?'

ಒಳಗಿಂದ ಕೂಗಿದ್ರು: ಆದೆಪ್ಪ ತಂದೆ ಬಸ್ಸಣ್ಣ!
ವಕೀಲರು ಕಲಿಸಿದ್ದು ನಾಲಿಗಿ ತುದಿಗೆ ಇತ್ತು,
ಅಪಘಾತ ಸಂಭವಿಸಿತು ಸ್ವಾಮಿ.
ಎಷ್ಟು ಚಂದ ಮಾತು! ಅದರಾಗ ಯಾರೂ ಇಲ್ಲ.
ಕಟಕಟಿ ಹಿಡದು 'ಹೊಡದೆ' ಅಂದೆ.
ಬರಕೊಳ್ಳಾಂವ ತಲಿ ಎತ್ತಿದ,
'ಏನು ಹೊಡದಿ? ಎಣ್ಣಿನೋ, ಗಾಡಿನೋ?'
'ನಿತಾಯ್ ಬೈರಾಗಿನ್ನ.'

ಅದಕ್ಕ ಕಲಂ ಇತ್ತು, ಶಿಕ್ಷೆ ಇತ್ತು, ಮುಗಿಸಿ ಬಂದೆ.
ನೀರಿನ ಬಾಟ್ಲಿಗೆ ಯಾವ ಕಲಮೂ ಇಲ್ಲಂತ.

ನಿನ್ನೆ ಹೆಂಡ್ತಿ ಚೀಲ ಕೊಟ್ಟು ಗಿರಣಿಗೆ ಕಳಿಸಿದಳು.
ಬೆಲ್ಟಿನ ಗದ್ದಲದಾಗ ಗಿರಣ್ಯಾಂವ ಚೀರಿ ಕೇಳಿದ,
'ಏನೈತಿ ಅದರಾಗ?'
ಬಿಚ್ಚಿ ತೋರಿಸಿದೆ.