ಟೈರ್ ಅಂಗಡಿಯ ಮೇಲೆ

ಬಟವಾಡಿಯ ಸರ್ವಿಸ್ ರಸ್ತೆಯಲ್ಲಿ ಟೈರ್ ಅಂಗಡಿ.
ಅದರ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು.
"ಏನು ವ್ಯಾಪಾರ?" ಅಂದರು ಮಾಲೀಕರು ರುದ್ರಾರಾಧ್ಯ.
ಸಭೆ, ಅಂದೆ. "ಯಾವ ಪಾರ್ಟಿ?" ಅಂದರು.
ಪ್ರಾರ್ಥನೆ, ಅಂದೆ. ಸ್ವಲ್ಪ ಹೊತ್ತು ಫ್ಯಾನು ನೋಡಿದರು.
"ಗೋಡೆಗೆ ಮೊಳೆ ಹೊಡೀಬೇಡಿ."
ಅದೊಂದೇ ಕರಾರು.
ಹಾಗಾಗಿ ನಮ್ಮಲ್ಲಿ ಶಿಲುಬೆ ತೂಗುಹಾಕಿಲ್ಲ.
ಬೆಳಗಿನ ಬಿಸಿಲಿಗೆ ಕಿಟಕಿಯ ಚೌಕಟ್ಟೇ
ಎದುರು ಗೋಡೆಗೆ ಒಂದು ಉದ್ದ, ಒಂದು ಅಡ್ಡ ಗೆರೆ ಎಳೆಯುತ್ತದೆ,
ಹತ್ತೂಕಾಲಿಗೆಲ್ಲ ಅಳಿಸಿಬಿಡುತ್ತದೆ.

ಬಿಷಪ್ ಕಚೇರಿಯ ಕಾಗದದಲ್ಲಿ
'ಹೊಸ ಸಭೆ ನೆಡುವ ಯೋಜನೆ' ಎಂದಿತ್ತು.
ಓದಿ ಅಪ್ಪ ನಕ್ಕರು. ಮೂವತ್ತೊಂದು ವರ್ಷ
ಹಳೆಯ ಕಲ್ಲುಚರ್ಚಿನ ಗಂಟೆ ಎಳೆದವರು.
"ನಾಟಿ ಮಾಡಿದೋನು ದಿನಾ ಕಿತ್ತು ಬೇರು ನೋಡಬಾರದು, ತಿಳ್ಕೋ."
ನಾನು ದಿನಾ ನೋಡಿದೆ.
ಶಾಮಿಯಾನದವನಿಂದ ನಲವತ್ತು ಕೆಂಪು ಕುರ್ಚಿ ತಂದು
ಮೊದಲ ಭಾನುವಾರ
ಮೂವತ್ತನಾಲ್ಕು ಕುರ್ಚಿಗಳಿಗೆ ಉಪದೇಶ ಮಾಡಿದೆ.

ಬಂದ ಆರು ಮಂದಿ ನಂಬಿ ಬಂದವರಲ್ಲ.
ವಸಂತನರಸಾಪುರದ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ನೋಯೆಲ್ ವರಪ್ರಸಾದ:
ಭಾನುವಾರ ಶಾಲೆಯಲ್ಲಿ ಕಂಠಪಾಠಕ್ಕೆ ಬಹುಮಾನ ಗೆದ್ದವ,
ಈಗ "ಡೇಟಾ ಎಲ್ಲಿದೆ ಪಾಸ್ಟರ್?" ಅನ್ನುವವ.
ಬ್ಯಾಂಕಿನ ಸುಜಯಾ,
ಸಾಲದ ಅರ್ಜಿ ಓದುವಂತೆ ನನ್ನ ಮುಖ ಓದಿದವಳು.
ಮತ್ತೆ ಮೃಣಾಲಿನಿ ಸತ್ಯಮಿತ್ರ,
ಐಸಿಯುವಿನ ರಾತ್ರಿಪಾಳಿ ಮುಗಿಸಿ ನೇರ ಬಂದ ಡಾಕ್ಟರು,
ಹಿಂದಿನ ಸಾಲಲ್ಲಿ, ಬಾಗಿಲಿಗೆ ಹತ್ತಿರ,
ಹೆಲ್ಮೆಟ್ಟು ಮಡಿಲಲ್ಲೇ.

ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗೆಲ್ಲ
ಕೆಳಗೆ ಕಂಪ್ರೆಸರ್ ಶುರು.
ಆಮೆನ್ ಅನ್ನುವಾಗ ಬುಸ್ಸೆಂದು ಗಾಳಿ ಬಿಡುತ್ತಿತ್ತು.
ಮೊದಮೊದಲು ಅವರು ತುಟಿ ಕಚ್ಚಿಕೊಂಡರು,
ಆಮೇಲೆ ನಾನೇ ನಕ್ಕೆ.

ಪವಾಡದ ಬಗ್ಗೆ ಕೇಳಿದರು, ನರಕದ ಬಗ್ಗೆ ಕೇಳಿದರು.
ಕಾಣಿಕೆ ದುಡ್ಡಿನ ಲೆಕ್ಕ ಕೇಳಿದರು;
ಅದನ್ನು ಬರೆದು ಗೋಡೆಗೆ ಅಂಟಿಸಿದೆ, ಟೇಪಿನಲ್ಲಿ.
ಮಿಕ್ಕಿದ್ದಕ್ಕೆಲ್ಲ ಸೆಮಿನರಿಯ ನೋಟುಪುಸ್ತಕವಿತ್ತು.
ಒಂದು ವಾರ ಮೃಣಾಲಿನಿ ಕೈಯೆತ್ತದೆ, ಕೂತಲ್ಲೇ ಅಂದಳು:
"ಏಳನೇ ಬೆಡ್ಡಿನ ಹುಡುಗ ಹೋದ, ಬೆಳಗಿನ ಜಾವ ನಾಲ್ಕಕ್ಕೆ.
ಅವನ ತಾಯಿ ದೇವರಿಗೆ ಹೇಳ್ಕೊತಿದ್ಲು,
ನನ್ನ ಕೋಟು ಹಿಡ್ಕೊಂಡು.
ಇದಕ್ಕೆ ನಿಮ್ಮತ್ರ ಏನಿದೆ?"

ನೋಟುಪುಸ್ತಕದಲ್ಲಿ ಇತ್ತು. ಮೂರು ಅಂಶ,
ಮೂರೂ ಒಂದೇ ಅಕ್ಷರದಿಂದ ಶುರುವಾಗುವಂಥವು.
ಮುಚ್ಚಿಟ್ಟೆ.
ನನಗೆ ಗೊತ್ತಿಲ್ಲ, ಅಂದೆ.
ಆ ಹೊತ್ತಿಗೆ ಸರಿಯಾಗಿ ಕಂಪ್ರೆಸರ್ ನಿಂತಿತು ಎಂದರೆ
ಕತೆ ಕಟ್ಟುತ್ತಾನೆ ಎಂದುಕೊಳ್ಳುತ್ತೀರಿ. ನಿಲ್ಲಲಿಲ್ಲ.
ಅದರ ಗದ್ದಲದಲ್ಲೇ ಏಳೂ ಜನ ಕೂತಿದ್ದೆವು,
ಯಾರೂ ಎದ್ದು ಹೋಗದೆ.

ಇಳಿಯುವಾಗ ಅಂಗಡಿಯ ಸನಾವುಲ್ಲಾ
ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ
ಗುಳ್ಳೆ ಏಳುವಲ್ಲಿ ಹೆಬ್ಬೆರಳಿಟ್ಟ.
ನೋಯೆಲ್ ನೋಡುತ್ತ ನಿಂತ.
"ಎಲ್ಲಿ ಸೋರ್ತದೆ ಅಂತ ಗೊತ್ತಾಗಕ್ಕೆ
ಮೊದ್ಲು ಗಾಳಿ ತುಂಬಬೇಕು ಸಾರ್."
ಮುಂದಿನ ಭಾನುವಾರದ ಉಪದೇಶಕ್ಕೆ ಹೇಳಿ ಮಾಡಿಸಿದ ಮಾತು.
ಬಳಸಿಕೊಳ್ಳಲು ಮನಸ್ಸಾಗಲಿಲ್ಲ.

ಈಗ ಹದಿನೈದು ತಿಂಗಳು. ಬಿಷಪ್ ಕಚೇರಿ ಸಂಖ್ಯೆ ಕೇಳಿದೆ.
ಹದಿಮೂರು, ಕೆಲವು ಸಲ ಒಂಬತ್ತು.
'ವಿಶ್ವಾಸಕ್ಕೆ ಬಂದವರು' ಎಂಬ ಕಾಲಂ
ಖಾಲಿ ಬಿಟ್ಟು ಕಳಿಸಿದೆ.
ಹೋದ ವಾರ ಮೃಣಾಲಿನಿ ಅಂಗೈ ಚಾಚಿದಳು:
"ನಂಗಿನ್ನೂ ನಂಬಿಕೆ ಬಂದಿಲ್ಲ. ಬೀಗದ ಕೈ ಕೊಡಿ.
ಪಾಳಿ ಮುಗಿಸಿ ಬೇಗ ಬಂದು ಕುರ್ಚಿ ಹಾಕ್ತೀನಿ."

ಇವತ್ತು ಮೆಟ್ಟಿಲು ಹತ್ತಿ ಬಂದರೆ ಬಾಗಿಲು ತೆರೆದಿದೆ,
ನೆಲ ಗುಡಿಸಿದೆ, ಸಾಲುಗಳೇ ಇಲ್ಲ.
ದುಂಡಗೆ ಹದಿನಾಲ್ಕು ಕುರ್ಚಿ,
ಒಂದರ ಮೇಲೆ ಅವಳ ಹೆಲ್ಮೆಟ್ಟು.
ನನ್ನದು ಯಾವುದು? ಕೇಳಿದೆ.
"ಯಾವ್ದಾದ್ರೂ," ಅಂದಳು, ಆಕಳಿಸುತ್ತ.