ಪಳಯಪಡಿ

ಬಂದ್ಯೋಡಿನ ಅಂಗಡಿಯಲ್ಲಿ ಕೊಂಡ ಫೋನು
ಮಲೆಯಾಳದಲ್ಲೇ ಮಾತಾಡುತ್ತದೆ.
ಭಾಷೆ ಬದಲಿಸುವ ಜಾಗ ಎಲ್ಲುಂಟು ಅಂತ ಹುಡುಕಲಿಕ್ಕೂ
ಮಲೆಯಾಳವೇ ಓದಬೇಕು, ನೋಡಿ.
ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ ನನಗೆ,
ಉಪ್ಪಳ, ಕುಂಬಳೆ, ಧರ್ಮತ್ತಡ್ಕ.
ಅದಕ್ಕಿಂತ ಆಚೆ ಹೋಗುವ ಬಸ್ಸು
ಈವರೆಗೆ ಬೇಕಾಗಿರಲಿಲ್ಲ.

ಪೆರ್ಮುದೆಯ ಬೀಡಿ ಬ್ರಾಂಚು ಮುಚ್ಚುವ ದಿನ
ಕಿಟಕಿಯ ಸರಳಿಗೆ ಫೋನನ್ನು ಬೀಡಿನೂಲಿನಲ್ಲಿ ಕಟ್ಟಿ
ಬಿಟ್ಟುಬಿಟ್ಟಿದ್ದೆ. ನಲವತ್ತೆರಡು ನಿಮಿಷ.
ಎಲ್ಲರೂ ಉಂಟು ಅದರಲ್ಲಿ. ಐಸಮ್ಮ, ಯಮುನಕ್ಕ, ಚೋಮು,
ಕಟ್ಟು ನೋಡುವ ಚೆಕ್ಕರ್ ಐತಪ್ಪಣ್ಣ.
ಮೊದಲ ಆರು ನಿಮಿಷ ಬರೇ ನನ್ನ ಸೆರಗು.

"ಮೂರು ನಿಮಿಷಕ್ಕೆ ತನ್ನಿ,
ಅದಕ್ಕಿಂತ ಹೆಚ್ಚು ಯಾರು ನೋಡ್ತಾರೆ ಈಗ?"
ಐಸಮ್ಮನ ಮಗಳು ರಂಸೀನ
ಎಡಿಟಿಂಗಿನ ಆ್ಯಪು ಹಾಕಿಕೊಟ್ಟು
ಟ್ಯೂಷನಿಗೆ ಓಡಿದಳು.

ಪರದೆಯ ಅಡಿಯಲ್ಲೊಂದು ಪಟ್ಟಿ.
ಅದರಲ್ಲಿ ನಾವೆಲ್ಲ ಸಣ್ಣ ಸಣ್ಣ ಚೌಕ,
ಒದ್ದೆ ಗೋಣಿಯಿಂದ ತೆಗೆದ ಎಲೆಗಳ ಹಾಗೆ
ಒಂದಕ್ಕೊಂದು ಅಂಟಿಕೊಂಡು.
ನಡುವೆ ಬಿಳಿ ಗೆರೆ. ಗೆರೆ ನಿಂತಲ್ಲೇ ನಿಲ್ಲುತ್ತದೆ,
ಅದರ ಕೆಳಗೆ ಜಾರುವುದು ನಾವು.

ಕತ್ತರಿಯ ಗುರುತು ಸಿಕ್ಕಿತು.
ಸಿಗದೆ? ನಲವತ್ತು ವರ್ಷದ ಪರಿಚಯ.
ಕೆಳಗಿದ್ದ ಅಕ್ಷರ ಕೂಡಿಸಿ ಕೂಡಿಸಿ ಓದಿದೆ:
ಮುರಿಕ್ಕುಕ.
ಕೈ ಹಿಂದೆ ಬಂತು.
ನಮ್ಮಲ್ಲಿ ಮುರಿಯುವುದೆಂದರೆ ಮುರಿಯುವುದೇ,
ಸೌದೆ, ಕೊಡೆಯ ಕಡ್ಡಿ, ಮದುವೆಯ ಮಾತು.
ಅವರಲ್ಲಿ ಬರೇ ಕತ್ತರಿಸುವುದಂತೆ.

ಹೆಬ್ಬೆರಳು ಒತ್ತಿದರೆ ಫೋನಿಗೆ ಗೊತ್ತಾಗುವುದಿಲ್ಲ.
ರೇಶನ್ ಅಂಗಡಿಯ ಯಂತ್ರಕ್ಕೂ ಗೊತ್ತಾಗದ ಬೆರಳು ಇದು,
ಗೆರೆಗಳನ್ನೆಲ್ಲ ಕತ್ತರಿಯ ಹಿಡಿ ತಿಂದಿದೆ.
ಬಾಯಿಯ ಆವಿ ಕೊಟ್ಟು ಒತ್ತಿದೆ.
ಆರು ನಿಮಿಷದ ಸೆರಗು ಕಳಚಿ ಬಿತ್ತು.

ಆಮೇಲೆ ಕೈಗೇ ದಾರಿ ಗೊತ್ತಾಯಿತು.
ನರ ಬಿಟ್ಟು ಎಲೆ ಕೊಯ್ದ ಹಾಗೆ
ಪಂಚಾಯತ್ ಮೆಂಬರರ ಭಾಷಣ ಕೊಯ್ದೆ,
ಸ್ಟೂಲು ಎಳೆದ ಸದ್ದು, ಎರಡು ಸಲ ಅಡ್ಡ ಬಂದ ಬೆಕ್ಕು.
ನನ್ನ ಕಟ್ಟಿನಿಂದ ಬೀಡಿ ಆರಿಸಿ ಆರಿಸಿ
ಐತಪ್ಪಣ್ಣ ಬಿಸಾಡುವಾಗ ಹೊಟ್ಟೆ ಉರಿಯುತ್ತಿತ್ತು.
ಈಗ ಅವರ ಎಂಟು ನಿಮಿಷವನ್ನು ನಾನು ಬಿಸಾಡಿದೆ.
ಸುಳ್ಳು ಯಾಕೆ, ಖುಷಿಯಾಯಿತು.

ಉಳಿದದ್ದು ಯಮುನಕ್ಕನ ಕೆಮ್ಮು.
ಅದು ಎಲ್ಲ ಕಡೆ ಉಂಟು. ಹಾಡಿನ ನಡುವೆ, ಚಾಯದ ನಡುವೆ,
ಫೋಟೋಕ್ಕೆ ಎಲ್ಲರೂ ಉಸಿರು ಹಿಡಿದು ನಿಂತಾಗಲೂ
ಹೊಗೆಸೊಪ್ಪಿನ ಧೂಳು ಸುಮ್ಮನಿರಲಿಲ್ಲ.
ಸ್ಪೀಕರಿನ ಗುರುತು ಒತ್ತಿ ಸದ್ದು ತೆಗೆದೆ.

ಪರದೆಯಲ್ಲಿ ಹೆಂಗಸೊಬ್ಬಳು
ಬಾಯಿಗೆ ಸೆರಗಿಟ್ಟು ಅಲುಗುತ್ತಾಳೆ,
ನಗು ತಡೆಯಲಾಗದವಳ ಹಾಗೆ.
ಯಾರಿದು?
ಬೆಳಕು ಹರಿಯುವ ಮೊದಲು ಕಟ್ಟು ಹೊತ್ತು ಗುಡ್ಡ ಇಳಿಯುವಾಗ
ಯಮುನಕ್ಕ ಎಷ್ಟು ಮುಂದೆ ಇದ್ದಾಳೆಂದು
ನಮಗೆ ತಿಳಿಸುತ್ತಿದ್ದದ್ದು ಮುಖವಲ್ಲ.

ಮೇಲೆ ಮೂಲೆಯಲ್ಲೊಂದು ಹಿಂದಕ್ಕೆ ಬಾಗಿದ ಬಾಣ.
ಬೆರಳು ಇಟ್ಟು ಹಿಡಿದರೆ ಅದರ ಹೆಸರು ಬಂತು:
ಪಳಯಪಡಿಯಾಕ್ಕುಕ.
ಹಾಲು ಮೊದಲು ಪಾಲಾಗಿತ್ತು, ಹಾವು ಪಾವಾಗಿತ್ತು ಅಂತ
ಏಳನೆಯ ಕ್ಲಾಸಿನಲ್ಲಿ ಟೀಚರು ಹೇಳಿದ್ದು
ಇಷ್ಟು ತಡವಾಗಿ ಉಪಯೋಗಕ್ಕೆ ಬಿತ್ತು.
ಪಳೆಯದು. ಹಳೆಯದು. ಹಿಂದೆ ಇದ್ದ ಹಾಗೆ.

ಒತ್ತಿದೆ. ಕೆಮ್ಮು ಬಂತು.
ಬೆರಳು ನಿಲ್ಲಲಿಲ್ಲ.
ಐತಪ್ಪಣ್ಣ ಎಂಟು ನಿಮಿಷವೂ ಬಂದು ನಿಂತರು,
ಬೆಕ್ಕು ಬಂತು, ಸ್ಟೂಲು ಬಂತು,
ಮೆಂಬರರು ಮೈಕು ತಟ್ಟಿ ನೋಡಿದರು.
ಕೊಯ್ದ ಎಲೆ ಹೀಗೆ ಬಂದು ಕೂಡುವುದನ್ನು
ನಾನು ಕಂಡವಳಲ್ಲ.
ಕೊಯ್ದುಳಿದದ್ದು ನಮ್ಮಲ್ಲಿ ಬಚ್ಚಲ ಒಲೆಗೆ.

ಗಂಟೆ ಹನ್ನೊಂದೂವರೆ. ರಂಸೀನ ಬೈಯುತ್ತಾಳೆ.
ಇಡೀ ರಾತ್ರಿಯ ಕೆಲಸಕ್ಕೆ ಕೈಯಲ್ಲಿರುವುದು
ಮೂವತ್ತಾರು ನಿಮಿಷ.
ನನ್ನ ಸೆರಗನ್ನು ಮಾತ್ರ ವಾಪಸು ಕರೆಯಲಿಲ್ಲ.
ನಾಳೆ ಪುನಃ ಕೂತುಕೊಳ್ಳಬೇಕು.
ಮೊದಲು ಮೆಂಬರರು.